ಒಣ ಕಾಲುವೆಯಲ್ಲಿ ತೊಂಬತ್ತು ಸೆಂಟಿಮೀಟರ್ ನೀರು

ಬುಧವಾರ ಬೆಳಿಗ್ಗೆ ಆರು ಗಂಟೆಗೆ ಕರೆಮ್ಮ ಕಾಲುವೆಯೊಳಗೆ ಇಳಿದು ಗೇಜಿನ ಎದುರು ನಿಂತಿದ್ದರು. ಗೇಜು ಎಂದರೆ ಕಾಲುವೆಯ ಗೋಡೆಗೆ ಬಳಿದ ಬಿಳಿ ಪಟ್ಟಿ. ಅದರ ಮೇಲೆ ಸೆಂಟಿಮೀಟರಿನ ಕಪ್ಪು ಗೆರೆಗಳಿರುತ್ತವೆ. ನೀರು ಯಾವ ಗೆರೆ ಮುಟ್ಟಿದೆಯೋ ಅದೇ ಆ ಹೊತ್ತಿನ ಮಟ್ಟ. ಅಂದು ಮುಟ್ಟಲು ನೀರೇ ಇರಲಿಲ್ಲ. ತಳದ ರೇವೆ ಒಣಗಿ ಬಿರಿದು, ಅಂಚುಗಳು ಮೇಲಕ್ಕೆ ಮುರುಟಿಕೊಂಡಿದ್ದವು.

ದಂಡೆಯ ಮೇಲೆ ಮೊಬೈಲ್ ಹಿಡಿದುಕೊಂಡು ಖಂಡಪ್ಪ ಬಂದರು. ಕಾಲುವೆಯ ಕೊನೆಯಲ್ಲಿ ನಾಲ್ಕು ಎಕರೆ ಶೇಂಗಾ ಹಾಕಿದ ರೈತ.

"ಏ ಕರೆಮ್ಮ, ಜಲ್ದಿ ಮ್ಯಾಲ ಬಾ. ಮುಳುಗೀದಿ!"

"ಬೆಳಗ್ಗೆದ್ದು ಏನ್ ಮಷ್ಕಿರಿ ಹಚ್ಚೀದಿ ಖಂಡಪ್ಪ?"

"ಮಷ್ಕಿರಿ ನಂದಲ್ಲ, ಸರಕಾರದ್ದು. ನಿನ್ನೆ ಸಂಜಿಕ ಆಫೀಸಿಗಿ ಫೋನ್ ಮಾಡಿದ್ದೆ. ನಿಮ್ಮಲ್ಲಿ ತೊಂಬತ್ತು ಸೆಂಟಿಮೀಟರ್ ನೀರ್ ಅದ, ಇನ್ನ ಬಿಟ್ರ ದಂಡಿ ಒಡೀತದ ಅಂದ್ರು. ನಿನ್ನ ಸೊಂಟದ ಮಟ ಆತು ನೋಡು. ಯಾರ್ ಹೇಳಿದ್ರಿ ಅಂತ ಕೇಳಿದೆ. ನಿಮ್ಮೂರ ಕರೆಮ್ಮನೇ ಮೆಸೇಜ್ ಹಾಕ್ಯಾಳ ಅಂದ್ರು."

ಕರೆಮ್ಮ ತಮ್ಮ ಕಾಲು ನೋಡಿಕೊಂಡರು. ಪಾದದ ಮೇಲೆ ಧೂಳಿತ್ತು.

"ನಾ ಹಾಕಿಲ್ಲ."

"ಮತ್ತ ಯಾರ್ ಹಾಕ್ಯಾರ? ಜನ ಏನ್ ಅನ್ನಾಕತ್ತಾರ ಗೊತ್ತದನ? ಸುಳ್ಳ ಅಂಕಿ ಬರಿಯಾಕ ಮ್ಯಾಲಿನ ಊರವ್ರು ನಿನಗ ಸೀರಿ ಉಡಿಸ್ಯಾರ ಅಂತ."

"ಉಟ್ಟೀನಲ್ಲ, ನೋಡು. ಹೋದ ವರ್ಷದ್ದು, ಸೆರಗ ಹರದಾದ," ಎಂದವರೇ ಕರೆಮ್ಮ ದಂಡೆ ಹತ್ತಿ, ಗೇಜಿನ ವಹಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿನ ದಾರಿ ಹಿಡಿದರು.

ಅದು 2013ರ ಫೆಬ್ರುವರಿ ಕೊನೆಯ ವಾರ. ಸೋಮವಾರ, ಮಾರ್ಚ್ ನಾಲ್ಕರ ಸಂಜೆ ಆರಕ್ಕೆ ಕಾಲುವೆ ಬಂದಾಗುವುದಿತ್ತು. ಮತ್ತೆ ನೀರು ಬಿಡುವುದು ಜುಲೈಗೆ. ಕೊನೆಯ ಭಾಗದ ಇನ್ನೂರ ಹತ್ತು ಎಕರೆ ಶೇಂಗಾಕ್ಕೆ ಇನ್ನೊಂದು ನೀರು ಬಾಕಿಯಿತ್ತು. ಮಣ್ಣೊಳಗೆ ಕಾಯಿ ಕಟ್ಟಿದ್ದವು, ಕಾಳು ತುಂಬಿರಲಿಲ್ಲ. ಆ ಒಂದು ನೀರು ತಪ್ಪಿದರೆ ಕಿತ್ತಾಗ ಸಿಗುವುದು ಪೊಳ್ಳು ಸಿಪ್ಪೆ. ಕಾಲುವೆಯ ತಲೆಯಲ್ಲಿ ಗೇಟು ಎತ್ತಿದ ಮೇಲೆ, ಒಣಗಿದ ತಳವನ್ನು ತೋಯಿಸುತ್ತ ನೀರು ಕೊನೆ ಮುಟ್ಟಲು ನಲವತ್ತು ತಾಸು ಬೇಕು. ಆಮೇಲೆ ಅಷ್ಟೂ ಹೊಲ ಸುತ್ತಲು ಮೂರು ದಿನ. ಈ ಲೆಕ್ಕ ಕರೆಮ್ಮನಿಗೆ ಬಾಯಿಪಾಠ. ಇಂದೇ ಗೇಟು ಏಳಬೇಕು. ನಾಳೆ ಎದ್ದರೆ ಅರ್ಧ ಹೊಲಕ್ಕೆ ನೀರಿಲ್ಲ.

ಕರೆಮ್ಮನವರಿಗೆ ಆಗ ಮೂವತ್ತೆಂಟು ವರ್ಷ. ತವರು ಕೆಂಭಾವಿ ಹತ್ತಿರದ ಊರು. ಕಾಲುವೆ ತೋಡುವಾಗ ಅವರ ತಾಯಿ ದೇವಕಮ್ಮ ಬುಟ್ಟಿಯಲ್ಲಿ ಮಣ್ಣು ಹೊತ್ತವರು, ಮಗಳನ್ನು ಅದೇ ಮಣ್ಣಿನ ಗುಡ್ಡೆಯ ನೆರಳಲ್ಲಿ ಮಲಗಿಸಿದವರು. ಏಳನೇ ಇಯತ್ತೆ ಮುಗಿಸಿದ ಕರೆಮ್ಮ ಮದುವೆಯಾಗಿ ಈ ಊರಿಗೆ ಬಂದು, ಇಪ್ಪತ್ತೈದನೇ ವಯಸ್ಸಿಗೆ ದಿನಗೂಲಿಯ ಗೇಜ್ ನೋಡುವ ಕೆಲಸ ಹಿಡಿದರು. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ಹೀಗೆ ದಿನಕ್ಕೆ ಮೂರು ಸಲ ದಂಡೆಯ ಮೇಲೆ ಒಂದೂವರೆ ಮೈಲಿ ನಡೆದು, ನೀರಿನ ಮಟ್ಟ ನೋಡಿ, ಗೇಟು ಎಷ್ಟು ಎತ್ತಿದೆ ನೋಡಿ, ಮಳೆಯಾಗಿದ್ದರೆ ಡಬ್ಬಿಯಲ್ಲಿ ಅಳೆದು ಬರೆಯಬೇಕು. ಹದಿಮೂರು ವರ್ಷದಲ್ಲಿ ಅವರು ತಪ್ಪಿಸಿದ್ದು ಹನ್ನೊಂದು ಸಲ. ಅದರಲ್ಲಿ ಆರು ಸಲ ಹೆರಿಗೆಯ ಎರಡು ದಿನಗಳದ್ದು.

ಅವರ ವಹಿಯಲ್ಲಿ ಐದು ಖಾನೆಗಳು: ಗೇಜಿನ ನಂಬರು, ವೇಳೆ, ನೀರು, ಗೇಟು, ಮಳೆ. ಕಾಲುವೆ ಒಣಗಿದ ದಿನ ನೀರಿನ ಖಾನೆಯನ್ನು ಅವರು ಖಾಲಿ ಬಿಡುತ್ತಿದ್ದರು. ಅಲ್ಲಿ ಸೊನ್ನೆ ಬರೆದದ್ದಿಲ್ಲ, ಈ ಕಾಲುವೆಯ ಕೊನೆಯ ಭಾಗದ ಯಾರೂ ಬರೆದದ್ದಿಲ್ಲ. ಮನೆಯಲ್ಲಿ ಅಕ್ಕಿ ಮುಗಿದರೆ ಅಕ್ಕಿ ಹೆಚ್ಚಾಗ್ಯಾವ ಎನ್ನುವ, ಬಳೆ ಒಡೆದರೆ ಬಳಿ ಹೆಚ್ಚಿತು ಎನ್ನುವ, ದೀಪ ಆರಿಸಲು ದೀಪ ದೊಡ್ಡದ ಮಾಡು ಎನ್ನುವ ಜನ. ನೀರಿನ ವಿಷಯದಲ್ಲಿ ಇಲ್ಲ ಎಂದು ಬಾಯಿಂದ ಅನ್ನುವುದೂ ಕೈಯಿಂದ ಬರೆಯುವುದೂ ಅವರಿಗೆ ಆಗದು. ಕಾಗದದ ವಹಿಯಲ್ಲಿ ಇದರಿಂದ ಯಾವ ತೊಂದರೆಯೂ ಆಗಿರಲಿಲ್ಲ. ಖಾಲಿ ಖಾನೆಯೂ ಖಾನೆಯೇ. ಎರಡು ಗೆರೆಗಳ ನಡುವೆ ಅದು ತನ್ನ ಜಾಗದಲ್ಲಿ ಕುಳಿತಿರುತ್ತದೆ. ನೋಡಿದ ಸಾಹೇಬರಿಗೆ ತಿಳಿಯುತ್ತಿತ್ತು.

ಹಿಂದಿನ ಆಗಸ್ಟಿನಲ್ಲಿ ಹೊಸ ಪದ್ಧತಿ ಬಂತು. ಗೇಜಿನವರನ್ನೆಲ್ಲ ಸುರಪುರದ ಒಂದು ಸಭಾಭವನಕ್ಕೆ ಕರೆದು, ಪ್ರತಿ ಹೊತ್ತಿನ ಅಂಕಿಗಳನ್ನು ಮೊಬೈಲಿನಿಂದ ಮೆಸೇಜು ಮಾಡಲು ಕಲಿಸಿದರು. ಒಂದು ಅಂಕಿ, ಒಂದು ಕಾಮಾ, ಇನ್ನೊಂದು ಅಂಕಿ. ಕಂಪ್ಯೂಟರು ಅದನ್ನು ತಾನೇ ಓದಿ ಪರದೆಯ ಮೇಲೆ ಹಾಕುತ್ತದೆ ಎಂದರು. ಕಲಿಸಲು ಬಂದವನು ಒಂದು ಮಾತು ಸೇರಿಸಿದ್ದ: ಮಳೆ ಬರದಿದ್ದರೆ ಕೊನೆಯದನ್ನು ಬಿಟ್ಟುಬಿಡಿ, ನಡೆಯುತ್ತದೆ. ಆಗಸ್ಟಿನಲ್ಲಿ ಎಲ್ಲ ಕಾಲುವೆಗಳೂ ತುಂಬಿದ್ದವು. ನೀರೇ ಇಲ್ಲದ ದಿನದ ಮೆಸೇಜು ಹೇಗಿರಬೇಕೆಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಶಹಾಪುರದ ಕಚೇರಿಯಲ್ಲಿ ಕಂಪ್ಯೂಟರನ್ನು ವೈರ್‌ಲೆಸ್ ಖೋಲಿಯಲ್ಲಿ ಇಟ್ಟಿದ್ದರು. ಅದರ ಮುಂದೆ ಕೂರುತ್ತಿದ್ದವರು ಬಾಷುಮಿಯಾ. ಮೂವತ್ತು ವರ್ಷ ವೈರ್‌ಲೆಸ್ಸಿನಲ್ಲಿ ನೀರಿನ ಅಂಕಿಗಳನ್ನು ಕೇಳಿ ಬರೆದುಕೊಂಡವರು. ಮುಂದಿನ ವರ್ಷ ನಿವೃತ್ತಿ. ಹತ್ತು ಗಂಟೆಗೆ ಕರೆಮ್ಮ ಒಳಗೆ ಬಂದಾಗ ಅವರು ಚಹಾ ಬಸಿಗೆ ಸುರುವಿಕೊಳ್ಳುತ್ತಿದ್ದರು.

"ಬಾ ತಂಗಿ, ಕುಂದರು. ಕಾಲಾಗ ನೀರ್ ಸೋರಾಕತ್ತಾವೇನ ನೋಡು, ಖೋಲಿ ಹಸಿ ಆದೀತು."

"ನೀವೂ ಹಂಗ ಅಂತೀರೇನ್ ಮಾಮಾ?" ಎಂದು ಕರೆಮ್ಮ ವಹಿಯನ್ನು ಮೇಜಿನ ಮೇಲೆ ಬಿಚ್ಚಿಟ್ಟರು. "ನೋಡ್ರಿ. ಮೂರ್ ದಿನದಿಂದ ನೀರಿನ ಖಾನಿ ಖಾಲಿ ಅದ. ನಿಮ್ಮ ಡಬ್ಬಿಯಾಗ ಏನ್ ಅದ ತೋರಸ್ರಿ."

ಬಾಷುಮಿಯಾ ಪರದೆಯಲ್ಲಿ ನಲವತ್ತೊಂದನೇ ಗೇಜು ತೆರೆದರು. ನೀರು 90, ಗೇಟು 40. ತುಂಬು ಮಟ್ಟ ಎಪ್ಪತ್ತೈದು, ಅದನ್ನು ಮೀರಿದ್ದಕ್ಕೆ ಅಂಕಿ ಕೆಂಪಾಗಿತ್ತು. ಅವರು ವಹಿಯನ್ನು ನೋಡಿದರು. ನೀರು ಖಾಲಿ, ಗೇಟು 90. ಇದ್ದಬದ್ದ ನೀರನ್ನಾದರೂ ಎಳೆದುಕೊಳ್ಳಲೆಂದು ಕರೆಮ್ಮ ಭಾನುವಾರವೇ ತಮ್ಮ ಗೇಜಿನ ಬಳಿಯ ಗೇಟನ್ನು ನಲವತ್ತರಿಂದ ಅರವತ್ತಕ್ಕೆ, ಆಮೇಲೆ ಪೂರ್ತಿ ತೊಂಬತ್ತಕ್ಕೆ ಎತ್ತಿಸಿದ್ದರು.

"ನಿನ್ನ ಗೇಟಿನ ತೊಂಬತ್ತು ನನ್ನ ನೀರಿನ ಖಾನಿಗಿ ಹ್ಯಾಂಗ ಬಂತು?" ಎಂದು ಬಾಷುಮಿಯಾ ಬಸಿ ಕೆಳಗಿಟ್ಟರು.

ಬಂದ ಮೆಸೇಜು ಬಂದ ಹಾಗೆಯೇ ಇರುವ ಜಾಗ ಅವರಿಗೆ ಗೊತ್ತಿತ್ತು. ತೆರೆದರು. ಬೆಳಿಗ್ಗೆಯದು ಹೀಗಿತ್ತು: 41,0600,90.

"ಬರೋಬರಿ ಅದಲ್ಲ! ನಾ ಇದೇ ಹಾಕೀನಿ," ಎಂದರು ಕರೆಮ್ಮ.

ಬಾಷುಮಿಯಾ ಅದನ್ನು ವೈರ್‌ಲೆಸ್ಸಿನಲ್ಲಿ ಕೂಗಿದಂತೆ ಜೋರಾಗಿ ಓದಿದರು. "ನಲವತ್ತೊಂದು. ಆರು ಗಂಟಿ. ತೊಂಬತ್ತು." ನಿಲ್ಲಿಸಿದರು. "ತೊಂಬತ್ತು ಏನು?"

"ಗೇಟು."

"ಗೇಟು ಅಂತ ನಿನಗ ಗೊತ್ತು. ಇದಕ ಯಾರ್ ಹೇಳ್ಯಾರ?"

ಕರೆಮ್ಮ ಪರದೆಯ ಹತ್ತಿರ ಬಾಗಿದರು. ಮೆಸೇಜನ್ನು ನೋಡಿದರು, ವಹಿಯನ್ನು ನೋಡಿದರು, ಮತ್ತೆ ಮೆಸೇಜನ್ನು ನೋಡಿದರು. ವಹಿಯಲ್ಲಿ ಮೂರನೇ ಖಾನೆ ಖಾಲಿ ಇದ್ದು ತೊಂಬತ್ತು ನಾಲ್ಕನೆಯದರಲ್ಲಿತ್ತು. ಮೆಸೇಜಿನಲ್ಲಿ ಗೆರೆಗಳಿಲ್ಲ, ಖಾನೆಗಳಿಲ್ಲ. ತೊಂಬತ್ತು ಮೂರನೆಯದಾಗಿತ್ತು.

"ಮಾಮಾ," ಎಂದರು ನಿಧಾನವಾಗಿ. "ಇದು ಎಣಸಾಕತ್ತದ. ಓದಾಕತ್ತಿಲ್ಲ."

"ಅಂದ್ರ?"

"ಮೂರನೇದು ಬಂತಂದ್ರ ಅದು ನೀರು ಅಂತ ತಿಳೀತದ. ಏನ್ ಬಂದ್ರೂ ನೀರೇ. ತಡೀರಿ."

ಅವರು ಚೀಲದಿಂದ ಮೊಬೈಲು ತೆಗೆದು ಗುಂಡಿ ಒತ್ತತೊಡಗಿದರು. ಈ ಕಾಲುವೆಯ ಯಾವ ಗೇಟನ್ನೂ ಯಾರೂ ಮೂವತ್ತೇಳು ಸೆಂಟಿಮೀಟರ್ ಎತ್ತಿದ್ದಿಲ್ಲ, ಹತ್ತು ಹತ್ತರ ಲೆಕ್ಕದಲ್ಲೇ ಎತ್ತುತ್ತಾರೆ. ಅದಕ್ಕೇ ಅವರು ಗೇಟಿನ ಅಂಕಿಯಾಗಿ ಮೂವತ್ತೇಳು ಬರೆದು ಕಳಿಸಿದರು: 41,1030,37. ಇಬ್ಬರೂ ಪರದೆ ನೋಡುತ್ತ ಕುಳಿತರು. ಅರ್ಧ ನಿಮಿಷ ಏನೂ ಆಗಲಿಲ್ಲ. ಆಮೇಲೆ ಕೆಂಪು ತೊಂಬತ್ತು ಅಳಿದು, ಹಸಿರು ಮೂವತ್ತೇಳು ಬಂತು. ನೀರಿನ ಖಾನೆಯಲ್ಲಿ.

"ಯವ್ವಾ!" ಎಂದು ಕರೆಮ್ಮ ಎದ್ದೇ ನಿಂತರು.

"ಯಾ ಅಲ್ಲಾ," ಎಂದು ಬಾಷುಮಿಯಾ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ತಂಗಿ, ನೀ ಇಲ್ಲೇ ಕುಂತ ಕೆನಾಲ ತುಂಬಸೀದಿ."

ಗೇಟಿನ ಖಾನೆಯಲ್ಲಿ ನಲವತ್ತು ಹಾಗೇ ನಿಂತಿತ್ತು. ಅದರ ಗುಟ್ಟು ಬಾಷುಮಿಯಾಗೆ ಗೊತ್ತಿತ್ತು. ಯಾವುದಾದರೂ ಅಂಕಿ ಬರದಿದ್ದರೆ ಹಿಂದಿನದನ್ನೇ ಉಳಿಸಿಕೋ ಎಂದು ಯಂತ್ರಕ್ಕೆ ಹೇಳಿಟ್ಟಿದ್ದರು. ನಾಲ್ಕನೆಯ ಅಂಕಿ ಬರಲೇ ಇಲ್ಲ, ಶನಿವಾರದ ನಲವತ್ತು ಉಳಿಯಿತು. ಒಂದೊಂದೇ ನೋಡಿದರೆ ಎಲ್ಲ ನಿಯಮವೂ ಸರಿ. ಒಟ್ಟಿಗೆ ಸೇರಿ ಆದದ್ದು ಹೀಗೆ: ಕೊನೆಯಲ್ಲಿ ನೀರು ಬತ್ತಿದಷ್ಟೂ ಕರೆಮ್ಮ ಗೇಟು ಹೆಚ್ಚು ಎತ್ತಿದರು, ಗೇಟು ಎತ್ತಿದಷ್ಟೂ ಪರದೆಯಲ್ಲಿ ನೀರು ಏರಿತು, ಪರದೆಯಲ್ಲಿ ಏರಿದಷ್ಟೂ ಮೇಲಿನವರು ತಲೆಯ ಗೇಟು ಇಳಿಸಿದರು.

ಸಹಾಯಕ ಎಂಜಿನಿಯರ್ ಬಸವಂತ್ರಾಯ ಸಭೆ ಮುಗಿಸಿ ಬಂದಾಗ ಒಂದೂವರೆ. ಕೊನೆಯ ಭಾಗದ ರೈತರು ನೀರಿಲ್ಲ ಎಂದು ಫೋನು ಮಾಡುವುದು ಅವರಿಗೆ ಹೊಸದಲ್ಲ. ನೀರಿದ್ದಾಗಲೂ ಮಾಡುತ್ತಾರೆ. ಅವರು ನಿಂತುಕೊಂಡೇ ಎಲ್ಲ ಕೇಳಿದರು.

"ಹದಿಮೂರು ಹಾಕು ನೋಡೋಣ," ಎಂದರು.

ಕರೆಮ್ಮ ಹಾಕಿದರು. ನೀರು 13.

"ಎಂಬತ್ತೆಂಟು."

ನೀರು 88. ಬಸವಂತ್ರಾಯ ಕುರ್ಚಿ ಎಳೆದುಕೊಂಡು ಕುಳಿತರು. "ಕೊನಿಯಾಗ ಇನ್ನ ನಾಕು ಗೇಜು ಅವ. ಅವರದ್ದೂ ತಗೀರಿ."

ಬಾಷುಮಿಯಾ ನಾಲ್ಕು ಗೇಜಿನ ಮೆಸೇಜುಗಳನ್ನೂ ತೆಗೆದು ಕಾಮಾ ಎಣಿಸಿದರು. ಮೂರು ದಿನದಿಂದ ಎಲ್ಲದರಲ್ಲೂ ಎರಡೇ ಕಾಮಾ. ಬಸವಂತ್ರಾಯ ಫೋನಿನ ಧ್ವನಿ ದೊಡ್ಡದು ಮಾಡಿ ನಲವತ್ಮೂರನೇ ಗೇಜಿನ ಇಸ್ಮಾಯಿಲಸಾಬರಿಗೆ ಹಚ್ಚಿದರು. ಅರವತ್ತು ದಾಟಿದ ಮುದುಕರು.

"ಸಾಬ್ರ, ಕೆನಾಲದಾಗ ನೀರ್ ಅದ ಏನು?"

"ತಳ ಕಾಣಾಕತ್ತದ್ರಿ ಸಾಹೇಬ್ರ."

"ಅದ ಏನು, ಇಲ್ಲ ಏನು?"

"ತಳ ಚಲೋ ಕಾಣಾಕತ್ತದ್ರಿ."

"ಅಲ್ರೀ, ನೀರಿಲ್ಲ ಅಂತ ಒಂದ್ ಮಾತ್ ಹೇಳ್ರಿ!"

"ಹಂಗ್ಯಾಂಗ ಅನ್ಲಿರಿ ಬಾಯಿಲೆ," ಎಂದರು ಇಸ್ಮಾಯಿಲಸಾಬ, ನೊಂದ ಧ್ವನಿಯಲ್ಲಿ.

ಬಸವಂತ್ರಾಯ ಕರೆಮ್ಮನ ಕಡೆ ತಿರುಗಿದರು. ಅವರ ಮುಖದ ಸಿಟ್ಟು ಅರ್ಧದಲ್ಲೇ ನಿಂತಿತು. ಯಾದಗಿರಿಯ ಅವರ ಮನೆಯಲ್ಲಿ ಆ ಬೆಳಿಗ್ಗೆಯೇ ಅವರ ತಾಯಿ, ಎಣ್ಣಿ ಹೆಚ್ಚಾಗ್ಯಾದ, ಬರುವಾಗ ತಗೊಂಡ್ ಬಾ ಎಂದು ಹೇಳಿ ಕಳಿಸಿದ್ದರು. ಅವರು ಗಟ್ಟಿಯಾಗಿ ನಕ್ಕರು. ಆಮೇಲೆ ಗಡಿಯಾರ ನೋಡಿದರು, ನಗು ಹೋಯಿತು.

ಎರಡೂಕಾಲು. ಅಂದು ಸಂಜೆಯಿಂದ ಮುಂದಿನ ನೀರಿನ ಹಂಚಿಕೆ ಮೇಲಿನ ಕಚೇರಿಯಲ್ಲಿ ನಾಲ್ಕು ಗಂಟೆಗೆ ನಿರ್ಧಾರವಾಗುತ್ತದೆ. ಅಲ್ಲಿನವರು ನೋಡುವುದು ಇದೇ ಪರದೆಯನ್ನು. ಫೋನಿನ ಮಾತನ್ನು ಅವರು ಕೊನೆಯವರ ಹಳೇ ದೂರು ಎಂದೇ ತಿಳಿಯುತ್ತಾರೆ. ನಾಲ್ಕರ ಒಳಗೆ ಐದೂ ಗೇಜುಗಳು ಪರದೆಯ ಮೇಲೆ ಒಣಗಬೇಕು.

"ಸೊನ್ನಿ ಹಾಕಸ್ರಿ ಎಲ್ಲಾರಿಗಿ," ಎಂದರು ಬಸವಂತ್ರಾಯ.

ಕರೆಮ್ಮ ಮೊಬೈಲು ಕೈಗೆತ್ತಿಕೊಂಡರು. 41, ಕಾಮಾ, ವೇಳೆ, ಕಾಮಾ. ಬೆರಳು ಸೊನ್ನೆಯ ಗುಂಡಿಯ ಮೇಲೆ ನಿಂತಿತು. ಒತ್ತಿಬಿಡಬಹುದಿತ್ತು. ಆದರೆ ಉಳಿದ ನಾಲ್ವರ ಬಗ್ಗೆ ಅವರಿಗೆ ಗೊತ್ತಿತ್ತು. ಒಬ್ಬರಲ್ಲ ಒಬ್ಬರು ಹಾಂ ಹಾಂ ಎಂದು ಹೇಳಿ ಹಾಕದೇ ಬಿಡುತ್ತಾರೆ.

"ಸಾಹೇಬ್ರ, ಇಸ್ಮಾಯಿಲಸಾಬ ಕಾಕಾ ಏನಂದ್ರು? ತಳ ಕಾಣ್ತದ ಅಂದ್ರಲ್ಲ. ಅದು ಸುಳ್ಳಲ್ಲ, ಕೆಟ್ಟ ಮಾತೂ ಅಲ್ಲ. ಕಂಡದ್ದು ಹೇಳೋದು. ನೀರಿನ ಜಾಗದಾಗ ತಳ ಅಂತ ಹಾಕಿದ್ರ ಈ ಡಬ್ಬಿ ತಿಳಕೊಳ್ಳಲ್ಲೇನ್ರಿ?"

ಬಾಷುಮಿಯಾ ಕಲಬುರಗಿಗೆ ಫೋನು ಹಚ್ಚಿದರು. ಯಂತ್ರಕ್ಕೆ ಮೆಸೇಜು ಓದಲು ಕಲಿಸಿದ ಸಣ್ಣ ಕಂಪನಿಯಲ್ಲಿ ರಾಬಿಯಾ ಎಂಬ ಹುಡುಗಿ ಇದ್ದಳು. ಆ ಭಾಗದ ಕೆಲಸ ಅವಳದು. ಕೇಳಿದ ಕೂಡಲೇ ಅವಳು ಕಿರುಚಿದ್ದು ಖೋಲಿಗೆಲ್ಲ ಕೇಳಿಸಿತು.

"ಎರಡೇ ಕಾಮಾ ಬಂದಾವ? ಮೂರ್ ದಿನದಿಂದ? ಮತ್ತ ನಾನು ಬಿಟ್ರ ಕೊನೀದು, ಮಳೀದೇ ಬಿಡ್ತಾರ ಅಂತ ತಿಳಕೊಂಡಿದ್ದೆ!"

"ಈಗ ತಿಳ್ಕೊಂಡಿ. ಅಕ್ಷರ ನಡೀತದೇನ್ ಬೇಟಾ?"

"ನಡಿಯಂಗಿಲ್ಲ ಚಾಚಾ, ಆ ಜಾಗದಾಗ ಅಂಕಿ ಬಿಟ್ಟು ಬ್ಯಾರೆ ಬಂದ್ರ ಇಡೀ ಮೆಸೇಜ್ ಕಸಕ ಹೋಗ್ತದ. ಹದಿನೈದು ಮಿನಿಟ್ ಕೊಡ್ರಿ. ಒಂದೇ ಅಕ್ಷರ ಹೇಳ್ರಿ, ಎಲ್ಲಾರ್ ಮೊಬೈಲ್‌ನಾಗ ಇರೋದು."

ತಳ ಎನ್ನಲು ಇಂಗ್ಲಿಷಿನ ಟಿ ಎಂದು ನಿರ್ಧಾರವಾಯಿತು. ಎಂಟರ ಗುಂಡಿಯನ್ನು ಒಂದು ಸಲ ಒತ್ತಿದರೆ ಬರುತ್ತದೆ. ಕರೆಮ್ಮ ನಾಲ್ಕೂ ಜನರಿಗೆ ತಾವೇ ಫೋನು ಮಾಡಿದರು. "ಕಾಕಾ, ನೀರಿನ ಜಾಗ ಖಾಲಿ ಬಿಡಬ್ಯಾಡ. ಎಂಟು ಒತ್ತು, ತಳ ಅಂತ ತಿಳೀತದ. ಆಮ್ಯಾಗ ಕಾಮಾ. ಆಮ್ಯಾಗ ಗೇಟು. ಮಷೀನ್‌ಗಿ ಖಾನಿ ಕಾಣಂಗಿಲ್ಲ, ನಾವೇ ಖಾನಿ ಕೊಡಬೇಕು."

ಮೂರೂ ಹತ್ತಕ್ಕೆ ರಾಬಿಯಾ ಹೂಂ ಅಂದಳು. ಕರೆಮ್ಮ ಕಳಿಸಿದರು: 41,1510,T,90. ಪರದೆ ಮಿಣುಕಿತು. ಗೇಟು 90 ಆಯಿತು, ಸರಿಯಾಗಿ. ನೀರು 88ರಲ್ಲೇ ನಿಂತಿತು.

"ಕಸಕ ಹೋಗಿಲ್ಲ, ಆದ್ರ ಇಳದಿಲ್ಲ," ಎಂದರು ಬಾಷುಮಿಯಾ ಫೋನಿನಲ್ಲಿ.

"ಯಾಕ ಅಂತ ಗೊತ್ತಾತು! ಅಕ್ಷರ ತಗೊಂಡದ, ಅಂಕಿ ಬಂದಿಲ್ಲ ಅಂತ ತಿಳದು ಹಿಂದಿಂದ ಇಟಗೊಂಡದ. ತಡೀರಿ, ತಡೀರಿ."

ಬಾರದ್ದು ಬೇರೆ, ಬತ್ತಿದ್ದು ಬೇರೆ. ಗೇಜಿನವರು ಮದುವೆಗೆ ಹೋಗಿ ಮೆಸೇಜೇ ಹಾಕದಿದ್ದರೆ ಹಿಂದಿನ ಅಂಕಿ ಉಳಿಯಲಿ. ನಿಂತು ನೋಡಿ ತಳ ಎಂದರೆ ಉಳಿಯಬಾರದು. ಯಂತ್ರಕ್ಕೆ ಆ ವ್ಯತ್ಯಾಸ ಅಂದಿನವರೆಗೆ ಯಾರೂ ಹೇಳಿರಲಿಲ್ಲ. ಬಸವಂತ್ರಾಯ ಕಿಟಕಿಯ ಹತ್ತಿರ ಹೋಗಿ ಬಂದರು, ಮತ್ತೆ ಹೋಗಿ ಬಂದರು. ಮೂರೂ ಮೂವತ್ತೆಂಟಕ್ಕೆ ಫೋನಿನಿಂದ "ಈಗ ಹಾಕ್ರಿ" ಎಂಬ ದನಿ ಬಂತು.

ಕರೆಮ್ಮ ಹಾಕಿದರು. 88 ಅಳಿಯಿತು, 0 ಬಂತು. ಉಳಿದ ನಾಲ್ವರಿಗೂ ಈಗ ಹಾಕಿ ಎಂದು ಫೋನು ಮಾಡಿದರು.

ನಲವತ್ತೆರಡನೆಯದು ಬಂತು, 0. ನಲವತ್ನಾಲ್ಕು, 0. ನಲವತ್ತೈದು, 0. ನಲವತ್ಮೂರು ಮಾತ್ರ ತೊಂಬತ್ತರಲ್ಲೇ ಉರಿಯುತ್ತಿತ್ತು. ಮೂರೂ ಐವತ್ತೊಂದು.

"ಕಾಕಾ! ಒತ್ತಿದೇನು?"

"ಒತ್ತೀನಿ ಬೇ, ಕಾಮಾ ಸಿಗವಲ್ದು. ಕಣ್ಣಿನ ಚಾಳೀಸ ಮನ್ಯಾಗ ಬಿಟ್ಟ ಬಂದೀನಿ."

"ಒಂದರ ಗುಂಡಿ! ಎರಡ್ ಸಲ ಒತ್ತು!"

ಮೂರೂ ಐವತ್ನಾಲ್ಕಕ್ಕೆ ಐದನೆಯ ಸೊನ್ನೆ ಬಿತ್ತು. ಒಂದರ ಕೆಳಗೊಂದು ಐದು ಸೊನ್ನೆಗಳನ್ನು ನೋಡಿ ವೈರ್‌ಲೆಸ್ ಖೋಲಿಯಲ್ಲಿ ಮೂವರೂ ಒಟ್ಟಿಗೆ ಕೂಗಿದರು. ಬಾಗಿಲಲ್ಲಿ ಚಹಾ ತಂದವನಿಗೆ ಏನಾಯಿತೆಂದು ತಿಳಿಯಲಿಲ್ಲ. ಬಸವಂತ್ರಾಯ ಮೇಲಿನ ಕಚೇರಿಗೆ ಫೋನು ಹಚ್ಚಿ ಒಂದೇ ವಾಕ್ಯ ಹೇಳಿದರು: "ಸರ್, ಪರದೆ ನೋಡಿ." ಸಂಜೆ ಐದಕ್ಕೆ ತಲೆಯ ಗೇಟು ಎದ್ದಿತು.

ಮುಂದಿನ ಜುಲೈಯಿಂದ ಮೆಸೇಜಿನ ರೂಪವೇ ಬದಲಾಯಿತು. ಪ್ರತಿ ಅಂಕಿಗೂ ಮೊದಲು ಅದರ ಗುರುತು ಬರುತ್ತದೆ, ನೀರಿಗೊಂದು, ಗೇಟಿಗೊಂದು, ಮಳೆಗೊಂದು. ಯಾವುದು ಮೊದಲು ಬಂದರೂ, ಯಾವುದು ತಪ್ಪಿದರೂ ಉಳಿದದ್ದು ತನ್ನ ಖಾನೆಗೇ ಹೋಗುತ್ತದೆ. ವೈರ್‌ಲೆಸ್ಸಿನಲ್ಲಿ ತಾವು ಮೂವತ್ತು ವರ್ಷ ಹೀಗೇ ಹೆಸರು ಕೂಗಿ ಅಂಕಿ ಹೇಳುತ್ತಿದ್ದೆವು ಎಂದು ಬಾಷುಮಿಯಾ ರಾಬಿಯಾಗೆ ಹೇಳಿ, ಅವಳಿಂದ ಮೊದಲೇ ಹೇಳಬಾರದಿತ್ತೇ ಎಂದು ಬೈಸಿಕೊಂಡರು.

ಆದರೆ ಆ ಶುಕ್ರವಾರ ಬೆಳಿಗ್ಗೆ ಕರೆಮ್ಮನಿಗೆ ಇದ್ದ ಚಿಂತೆ ಒಂದೇ. ಆರರ ಹೊತ್ತಿಗೆ ತಳವೇ ಕಾಣುತ್ತಿತ್ತು. ಎಂಟಕ್ಕೂ ತಳವೇ. ದಂಡೆಯ ಮೇಲೆ ಮೂವತ್ತು ಜನ ಸಲಿಕೆ ಹಿಡಿದು ಕುಳಿತಿದ್ದರು. ಎಂಟೂ ಮುಕ್ಕಾಲಿಗೆ ತಿರುವಿನಾಚೆ ಕೊಕ್ಕರೆಗಳು ಎದ್ದವು. ಆಮೇಲೆ ಒಣ ಎಲೆ, ಕಡ್ಡಿ, ನೊರೆ ತಳ್ಳಿಕೊಂಡು ಕಂದು ಬಣ್ಣದ ನೀರಿನ ನಾಲಿಗೆ ಬಂತು. ಬಿರುಕುಗಳೊಳಗೆ ಇಳಿದು, ಗುಳುಗುಳು ಎಂದು, ಮತ್ತೆ ಮುಂದೆ ಬಂತು.

"ಬಂತಲೇ, ಬಂತು!" ಎಂದು ಖಂಡಪ್ಪ ಸಲಿಕೆ ಎತ್ತಿಕೊಂಡು ತಮ್ಮ ಹೊಲದ ಕಡೆ ಓಡಿದರು. ಜನ ಚದುರಿದರು.

ಕರೆಮ್ಮ ಗೇಜಿನ ಎದುರೇ ನಿಂತರು. ಹದಿನಾಲ್ಕು. ಕಳಿಸಿದರು. ಒಂಬತ್ತೂವರೆಗೆ ಮೂವತ್ತೊಂದು. ಕಳಿಸಿದರು. ಹತ್ತಕ್ಕೆ ನಲವತ್ನಾಲ್ಕು, ಹತ್ತೂಕಾಲಿಗೆ ನಲವತ್ತೊಂಬತ್ತು. ಶಹಾಪುರದಿಂದ ಫೋನು ಬಂತು.

"ಸಾಕ್ ಬೇ ತಂಗಿ, ದಿನಕ ಮೂರೇ ಹೊತ್ತು ಅದ," ಎಂದರು ಬಾಷುಮಿಯಾ.

"ಹೌದ್ರಿ ಮಾಮಾ," ಎಂದು ಕರೆಮ್ಮ ಗೇಜಿನ ಕಡೆಗೇ ನೋಡುತ್ತ ಹೇಳಿದರು. "ಐವತ್ತೆರಡ್ ಆತು ನೋಡ್ರಿ."

ಸೋಮವಾರ ಸಂಜೆ ಆರಕ್ಕೆ ಕಾಲುವೆ ಬಂದಾಯಿತು. ಇನ್ನೂರ ಹತ್ತು ಎಕರೆಯಲ್ಲಿ ನೀರು ಮುಟ್ಟದೆ ಉಳಿದದ್ದು ಎರಡೂವರೆ ಎಕರೆ, ಕಾಲುವೆಗಿಂತ ಎತ್ತರದ ಮಡಿ. ಏಪ್ರಿಲ್ ಮೊದಲ ವಾರ ಶೇಂಗಾ ಕಿತ್ತರು. ಕರೆಮ್ಮ ತಮ್ಮ ಒಂದೂವರೆ ಎಕರೆಯ ಮೊದಲ ಬಳ್ಳಿಯನ್ನು ಕೊಡವಿ, ಒಂದು ಕಾಯಿ ಬಿಡಿಸಿ ನೋಡಿದರು. ಒಳಗೆ ಮೂರು ಕಾಳು, ಸಿಪ್ಪೆಗೆ ಒತ್ತಿಕೊಂಡು ಕೂತಿದ್ದವು.